ರನ್‌ವೇ ಮೇಲಿನ ಎಮ್ಮೆಗಳು

ಈಗ ನಮ್ಮೂರ ವಿಮಾನ ನಿಲ್ದಾಣಕ್ಕೆ ಎತ್ತರದ ಗೋಡೆ, ಗಾಜಿನ ಬಾಗಿಲು. ಆಗ ಇದ್ದದ್ದು ಬರೀ ತಂತಿಬೇಲಿ, ಅಪರೂಪಕ್ಕೊಂದು ವಿಮಾನ. ಅದು ಇಳಿಯುವ ಮೊದಲು ಜೀಪೊಂದು ಕೆಂಪು ಬಾವುಟ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ, ರನ್‌ವೇ ಮೇಲಿನ ಎಮ್ಮೆಗಳನ್ನು ಓಡಿಸಿ ಬರುತ್ತಿತ್ತು. ವಿಮಾನಕ್ಕಿಂತ ಆ ಓಟವೇ ನಮಗೆ ಹಬ್ಬ. ಊರಿಗೆ ಊರೇ ಬೇಲಿಗೆ ಆತುಕೊಂಡು ನಿಲ್ಲುತ್ತಿತ್ತು.

ಒಂದು ದಿನ ಜೀಪು ಕೆಟ್ಟು ಕೂತಿತು. ಎಮ್ಮೆಗಳು ರನ್‌ವೇ ಮೇಲೆ, ವಿಮಾನ ಆಕಾಶದಲ್ಲಿ ಸುತ್ತುತ್ತಿದೆ. ಅದೇ ಹೊತ್ತಿಗೆ ಯಾವುದೋ ನಿಗಮದ ಅಧ್ಯಕ್ಷರು, ಅದೇ ವಿಮಾನ ಹತ್ತಬೇಕಾದವರು, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡೇ ಕಾರಿನಲ್ಲಿ ಬಂದರು.

“ನಾ ನಡಕೋತ ಹೋಗಾಂವಲ್ಲ. ನನ್ನ ಕಾರು ರನ್‌ವೇ ಮ್ಯಾಲ ಹೋಗಬೇಕು. ಇಲ್ಲಾಂದ್ರ ನಿನ್ನ ನೌಕರಿ ಹೋತಂತ ತಿಳಿ!”

ಗೇಟಿನ ಕಾವಲುಗಾರ ಕೈಮುಗಿದ. “ಹೋಗ್ರಿ ಸಾಹೇಬ್ರ. ನಿಮ್ಮಂಥವರ ಕಾರಿಗೆ ಬಾವುಟಾನೂ ಕಟ್ಟತೇನ್ರಿ. ಹಾರ್ನ್ ಹೊಡಕೋತ ಆ ತುದಿ ಮುಟ್ಟಿ ಬರ್ರಿ.”

ಕಾರು ಜೋರಾಗಿ ಹೊರಟಿತು. ಎಮ್ಮೆಗಳು ದಿಕ್ಕಾಪಾಲಾದವು. ಬೇಲಿಯಾಚೆ ಜನ ಕೇಕೆ ಹಾಕಿದರು. ಅಧ್ಯಕ್ಷರು ಕಿಟಕಿಯಿಂದ ಕೈ ಬೀಸಿದರು. ವಿಮಾನ ಸುಖವಾಗಿ ಇಳಿಯಿತು.

ಕಾರಿನಿಂದಿಳಿದ ಅಧ್ಯಕ್ಷರು ಕೊರಳ ಹಾರ ಸರಿಮಾಡಿಕೊಂಡರು. “ಏನಪಾ, ಇಷ್ಟು ಮಂದಿ ನನ್ನ ಸಲುವಾಗಿ ಬಂದಾರೇನು?”

“ಮತ್ತ್ಯಾರ ಸಲುವಾಗ್ರಿ ಸಾಹೇಬ್ರ?” ಅಂದ ಕಾವಲುಗಾರ. “ಜೀಪು ಕೆಟ್ಟೈತ್ರಿ. ಅವರ ಎಮ್ಮಿ ಓಡಿಸಾಕ ಇವತ್ತ ನೀವ ಬಂದ್ರಲ್ರಿ.”