ಗಿಣಿಗೂ ಓಲೆ ಬರೆದ ಮಂಡಳಿ

"ನಮ್ಮ ಮಂಡಳಿ ಹುಟ್ಟಿ ಮೂವತ್ತು ವರ್ಷವಾಯಿತು ಮಹಾಪ್ರಭು. ಇಂದಿನವರೆಗೆ ಯಾವ ಸಿರಿವಂತರ ಮನೆಗೂ ನಾವು ಒಂದೇ ಒಂದು ಕೆಟ್ಟ ಸುದ್ದಿ ಮುಟ್ಟಿಸಿಲ್ಲ!"

ತುಂಬಿದ ಸಭೆಯಲ್ಲಿ ಹೀಗೆ ಎದೆಯುಬ್ಬಿಸಿದವನು ಸುವರ್ಣಪ್ಪ. ದೊಡ್ಡ ಮನೆತನಗಳ ಆಸ್ತಿಪಾಸ್ತಿ ನೋಡಿಕೊಳ್ಳುವ ಸಿರಿಕಾವಲು ಮಂಡಳಿಯ ಪಾರುಪತ್ಯಗಾರ. ಕಲ್ಲೂರಿನ ದೊರೆ ಗಿಡ್ಡಪ್ಪ ನಾಯಕ ಮೂರು ವರ್ಷದ ಹಿಂದೆ ಅರಮನೆಯ ಮುನ್ನೂರು ಹಸುಗಳನ್ನು, ಹುಲ್ಲುಗಾವಲಿನ ಸಮೇತ, ಇವನ ಕೈಗೆ ಒಪ್ಪಿಸಿದ್ದ. ಈಗ ಕುದುರೆಗಳನ್ನೂ ಒಪ್ಪಿಸಿಕೊಳ್ಳಲು ಬಂದಿದ್ದಾನೆ ಪುಣ್ಯಾತ್ಮ!

ಮಂಡಳಿಯ ಉಪಚಾರವೆಂದರೆ ಉಪಚಾರ. ದೊರೆಗೊಬ್ಬ ಖಾಸಾ ಓಲೆಕಾರ, ರಾಣಿಗೊಬ್ಬ, ರಾಜಮಾತೆಗೊಬ್ಬ. ರಾಜಮಾತೆಗೆ ಯಾವ ಕಾಲಿನ ಮಂಡಿ ನೋವೆಂದು ಹೆತ್ತ ಮಗನಿಗೇ ಗೊತ್ತಿರಲಿಲ್ಲ, ಓಲೆಕಾರನಿಗೆ ಗೊತ್ತಿತ್ತು. ಅರಮನೆಯ ಗಿಣಿಯ ಹುಟ್ಟಿದ ದಿನಕ್ಕೂ ಒಂದು ಬುಟ್ಟಿ ಸೀಬೆಹಣ್ಣು, ಜೊತೆಗೆ 'ಚಿರಂಜೀವಿ ಗಿಣಿಯವರ ಸನ್ನಿಧಾನಕ್ಕೆ' ಎಂದು ರೇಷ್ಮೆ ಬಟ್ಟೆಯ ಮೇಲೊಂದು ಓಲೆ!

ಹುಣ್ಣಿಮೆಗೊಮ್ಮೆ ಹಸುಗಳ ವರದಿಯೂ ಬರುತ್ತಿತ್ತು. 'ಗೋಸಂಪತ್ತು ಆಶಾದಾಯಕವಾಗಿ ಬಾಲ ಬೀಸುತ್ತಿದೆ' ಎಂದು ಒಂದು ಸಲ. 'ಹಾಲು ಸದ್ಯಕ್ಕೆ ಕೆಚ್ಚಲಲ್ಲೇ ವಿಶ್ರಾಂತಿ ಪಡೆಯುತ್ತಿದೆ, ಕಾದವರಿಗೇ ಕೆನೆ' ಎಂದು ಇನ್ನೊಂದು ಸಲ. ಓಲೆ ತಪ್ಪಲಿಲ್ಲ, ಹಾಲು ಮಾತ್ರ ಬರಲಿಲ್ಲ. ಅರಮನೆಯ ಮಜ್ಜಿಗೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಇದನ್ನೆಲ್ಲ ನೋಡಿ ಆಸ್ಥಾನದ ವಿದೂಷಕ ಗೌರಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಂತೆಯಲ್ಲಿ ಮಂಡಳಿಯ ಆಳುಗಳು ಗಡಿಗೆಗಟ್ಟಲೆ ಬೆಣ್ಣೆ ಮಾರುವುದನ್ನು ಅವನು ಕಣ್ಣಾರೆ ಕಂಡಿದ್ದ.

"ಪ್ರಭು, ಕುದುರೆ ಕೊಡುವ ಮುಂಚೆ ಹಸು ಎಷ್ಟಿವೆ ಅಂತ ಕೇಳಬಾರದೆ?" ಎಂದ, ಸುವರ್ಣಪ್ಪ ಬಿಡಾರಕ್ಕೆ ಹೋದ ಮೇಲೆ.

"ಕೇಳಿದ್ದೆನಪ್ಪಾ! ನನ್ನ ಮೀಸೆಯನ್ನು ಹೊಗಳಿ ಎರಡು ಮೊಳ ಬರೆದು ಕಳಿಸಿದರು. ಬಲು ಸೊಗಸಾಗಿತ್ತು."

"ಹಸುವಿನ ವಿಷಯ?"

"ಅದು ಮರೆತೇಹೋಯಿತು ನೋಡು. ಕೆಟ್ಟ ಸುದ್ದಿ ಇದ್ದಿದ್ದರೆ ಹೇಳುತ್ತಿರಲಿಲ್ಲವೇ?"

"ಅಪ್ಪಣೆಯಾದರೆ ಆ ಕೆಟ್ಟ ಸುದ್ದಿಯನ್ನು ಸುವರ್ಣಪ್ಪನ ಬಾಯಿಂದಲೇ ಹೊರಡಿಸುತ್ತೇನೆ."

ದೊರೆಗೆ ಸಿಟ್ಟು ಬಂತು. "ನಾಳೆ ಮಧ್ಯಾಹ್ನದೊಳಗೆ ಹೊರಡಿಸು. ಹೊಡೆಯಬಾರದು, ಬೈಯಬಾರದು. ಆಗಲಿಲ್ಲವೋ, ಕುದುರೆಗಳೂ ಮಂಡಳಿಗೆ, ಅವುಗಳ ಲದ್ದಿ ಬಾಚಲು ನೀನೂ ಮಂಡಳಿಗೆ!"

ಮರುದಿನ ಗೌರಣ್ಣ ಮಲ್ಲಿಗೆ ಹಾರ ಹಿಡಿದೇ ಸಭೆಗೆ ಬಂದ. ಸುವರ್ಣಪ್ಪನ ಕೊರಳಿಗೆ ಹಾಕಿ, "ನಮ್ಮ ಹಸುಗಳು ಹೇಗಿವೆ ಸ್ವಾಮಿ?" ಎಂದು ಕೇಳಿದ.

"ಮುನ್ನೂರು ಇದ್ದದ್ದು ಆರುನೂರಾಗಿವೆ ಎಂದೇ ತಿಳಿಯಿರಿ!"

"ಭಲೇ! ನಾಡಿದ್ದೇ ಗೋಪೂಜೆ. ನಮ್ಮ ಅರಮನೆಯ ಪದ್ಧತಿ ಗೊತ್ತಲ್ಲ? ಹಸು ಕಾಯುವವರು ಒಂದೊಂದರ ಬೆನ್ನಿಗೂ ರೇಷ್ಮೆ ಜೂಲು, ಎರಡು ಕೊಂಬಿಗೂ ಬೆಳ್ಳಿ ಕಳಸ ಹಾಕಿಸಿ ಮೆರವಣಿಗೆಯಲ್ಲಿ ತರಬೇಕು. ಖರ್ಚು ಕಾಯುವವರದೇ."

"ಹೌದು ಹೌದು, ನಮ್ಮ ಮಾವನವರ ಕಾಲದಲ್ಲಿ ಹಾಗೇ ಇತ್ತು," ಎಂದು ರಾಜಮಾತೆ ಕೂತಲ್ಲೇ ತಲೆಯಾಡಿಸಿದಳು.

"ಆರುನೂರು ಹಸು, ಸಾವಿರದ ಇನ್ನೂರು ಬೆಳ್ಳಿ ಕಳಸ. ಅಕ್ಕಸಾಲಿಯನ್ನು ಕರೆಯಿರೋ!" ಎಂದು ಗೌರಣ್ಣ ಕೂಗಿದ.

ಸುವರ್ಣಪ್ಪ ಕೊರಳ ಹಾರವನ್ನು ಸಡಿಲಿಸಿಕೊಂಡ. "ಆರುನೂರು ಎಂದದ್ದು ಅಭಿಮಾನದ ಮಾತು ಸ್ವಾಮಿ. ಇರುವುದು ಮುನ್ನೂರೇ."

"ಆಗಲಿ, ಆರುನೂರು ಕಳಸ."

"ಅದರಲ್ಲಿ ಕರುಗಳೂ ಸೇರಿವೆ. ಕರುಗಳಿಗೆಲ್ಲಿ ಕೊಂಬು?"

"ಕರು ಬಿಡಿ. ಕೊಂಬಿರುವುದು ಎಷ್ಟು?"

"ನೂರಿಪ್ಪತ್ತು ಅಂದುಕೊಳ್ಳಿ."

"ಇನ್ನೂರ ನಲವತ್ತು ಕಳಸ. ಎಲ್ಲಿ ಆ ಅಕ್ಕಸಾಲಿ?"

"ತಾಳಿ, ತಾಳಿ!" ಸುವರ್ಣಪ್ಪ ದೊರೆಯ ಕಾಲಿಗೇ ಬಿದ್ದ. "ಹೋದ ವರ್ಷ ಕಾಲುಬಾಯಿ ಬೇನೆ ಬಂತು ಮಹಾಪ್ರಭು! ಸಾಲಾಗಿ ಸತ್ತವು! ಉಳಿದದ್ದು ಹನ್ನೊಂದೇ ಹನ್ನೊಂದು. ಅದರಲ್ಲೂ ಒಂದು ಕುಂಟು!"

"ಅಯ್ಯೋ, ನನ್ನ ಹಸುಗಳೇ!" ಎಂದು ರಾಜಮಾತೆ ಎದೆ ಬಡಿದುಕೊಂಡಳು. ದೊರೆ ಕತ್ತಿಗೆ ಕೈಹಾಕಿದ.

"ಕೂತುಕೊಳ್ಳಿ ಪ್ರಭು," ಎಂದ ಗೌರಣ್ಣ. "ಕೆಟ್ಟ ಸುದ್ದಿ ಹೊರಬಿತ್ತು, ನಾನು ಲದ್ದಿಯಿಂದ ಪಾರಾದೆ. ಹಸುಗಳದ್ದು ಇನ್ನೂ ಬಾಕಿಯಿದೆ." ಆಮೇಲೆ ಸುವರ್ಣಪ್ಪನ ಭುಜ ಸವರಿ, "ಪಾಪ, ಆ ಹುಲ್ಲುಗಾವಲಿನಲ್ಲಿ ಮಂಡಳಿಯ ಸ್ವಂತ ಹಸುಗಳೂ ಇದ್ದವೇನೋ?" ಎಂದ.

ಹೂಂ ಅಂದರೆ ನಷ್ಟಕ್ಕೆ ಅವನ್ನೇ ಎಳೆದುಕೊಂಡಾರು ಎಂದು ಸುವರ್ಣಪ್ಪ ಬೆದರಿದ. "ರಾಮ ರಾಮಾ! ನಮ್ಮದೆಂಬುದು ಅಲ್ಲಿ ಒಂದು ಬಾಲವೂ ಇಲ್ಲ. ಬೇಕಾದರೆ ಬರೆದುಕೊಡುತ್ತೇನೆ."

"ಬರೆದುಕೊಡಿ ಮತ್ತೆ."

ಬರೆದೇ ಕೊಟ್ಟ, ರೇಷ್ಮೆಯ ಮೇಲೆ, ಮುತ್ತಿನಂಥ ಅಕ್ಷರದಲ್ಲಿ! ಗೌರಣ್ಣ ಅದನ್ನು ದೊರೆಯ ಕೈಗಿತ್ತ.

"ಪ್ರಭು, ಹುಲ್ಲುಗಾವಲಿನಲ್ಲಿ ಅರಮನೆಯವು ಹನ್ನೊಂದು, ಮಂಡಳಿಯದು ಒಂದೂ ಇಲ್ಲ. ಇನ್ನು ಅಲ್ಲಿ ಏನೇ ಮೇಯುತ್ತಿದ್ದರೂ ಅದು ದಿಕ್ಕಿಲ್ಲದ ಬೀಡಾಡಿ ದನ. ಬೀಡಾಡಿ ದನ ಎಲ್ಲಿಗೆ ಸೇರಬೇಕು?"

"ಅರಮನೆಯ ದೊಡ್ಡಿಗೆ!" ದೊರೆ ತೊಡೆ ತಟ್ಟಿದ. "ಹೊಡೆದುಕೊಂಡು ಬನ್ನಿರೋ!"

ಸವಾರರು ಓಡಿದರು. ಹೊತ್ತು ನೆತ್ತಿಯಿಂದ ಇಳಿಯುವುದರೊಳಗೆ ಅಂಬಾ ಅಂಬಾ ಎನ್ನುತ್ತ ನಾನೂರಕ್ಕೂ ಮಿಕ್ಕಿ ಹಸುಗಳು ಬಂದು ದೊಡ್ಡಿಯ ಬೇಲಿ ಬಿರಿಯುವಂತೆ ತುಂಬಿಕೊಂಡವು.

ಸುವರ್ಣಪ್ಪ ತಲೆಯ ಮೇಲೆ ಕೈಹೊತ್ತು ಕುಕ್ಕರಿಸಿದ. "ಕೆಟ್ಟೆನಪ್ಪಾ! ಇದರಲ್ಲಿ ನೂರು ನಮ್ಮ ಮಂಡಳಿಯ ಯಜಮಾನರವೇ! ಅವರಿಗೆ ಇನ್ನು ಏನಂತ ಬರೆಯಲಿ?"

"ಅದಕ್ಕೇಕೆ ಅಳುತ್ತೀರಿ? ನಾನು ಹೇಳುತ್ತೇನೆ, ಬರೆದುಕೊಳ್ಳಿ," ಎಂದ ಗೌರಣ್ಣ. "'ಪೂಜ್ಯ ಯಜಮಾನರಿಗೆ ಸಂತಸದ ಸುದ್ದಿ. ತಮ್ಮ ಹಸುಗಳಿಗೆ ಕೊನೆಗೂ ಅರಮನೆಯ ಆಶ್ರಯ ದೊರೆತಿದೆ. ಇನ್ನು ಮುಂದೆ ಅವುಗಳ ಚಿಂತೆ ತಮಗೆ ಬೇಡವೇ ಬೇಡ.'"

ದೊರೆ ನಕ್ಕ ರಭಸಕ್ಕೆ ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ಅದನ್ನು ಎತ್ತುವ ಮೊದಲೇ ಗೌರಣ್ಣನಿಗೆ ಹತ್ತು ಹಸು ಇನಾಮು ಎಂದು ಕೂಗಿಬಿಟ್ಟ.