ಮಾವನ ಕತ್ತಿಗೆ ಬೀರಣ್ಣನ ಕಾವಲು

ಅಂಕೋಲೆಯ ಆಚೆ ಒಂದು ಊರು. ಹೆಸರು ಬೇಡ, ಹೇಳಿದರೆ ಊರಿನವರೆಲ್ಲ ಜಗಳಕ್ಕೆ ಬಂದಾರು. ಆ ಊರಲ್ಲಿ ಹೊನ್ನಮ್ಮ ಅಂತ ಒಬ್ಬಳು, ಅವಳಿಗೆ ಬೀರಣ್ಣ ಅಂತ ಒಬ್ಬನೇ ಮಗ. ಆಳು ಬಾಗಿಲ ತುಂಬ, ಬುದ್ಧಿ ಚಿಟಿಕೆಯಷ್ಟು. ಹೇಳಿದ್ದು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಹೊನ್ನಮ್ಮನ ಸಂಕಟ. ಇಪ್ಪತ್ತಾರು ವರ್ಷದ ಮಗನಿಗೆ ಗಂಜಿ ಬಡಿಸಿ ಬಡಿಸಿ ಅವಳ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಅವಳ ತಮ್ಮ ಬೊಮ್ಮಣ್ಣ ಮೂವತ್ತು ವರ್ಷ ನೌಕಾಪಡೆಯ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವ. ಅಲ್ಲಿ ಕತ್ತಿ ಕಟ್ಟುವುದು ಅಧಿಕಾರಿಗಳು, ಇವನ ಕೈಗೆ ಸೌಟು. ಆಸೆ ಹೋಗಬೇಕಲ್ಲ? ಅಂಥದೇ ಒಂದು ನಕಲಿ ಕತ್ತಿ ತರಿಸಿದ. ತನ್ನ ಮನೆಗೆ ತರಿಸಿದರೆ ಹೆಂಡತಿ ಬಾಯಿ ಮಾಡುತ್ತಾಳೆ, ಅಕ್ಕನ ಮನೆಗೆ ತರಿಸಿದ.

"ಅಕ್ಕಾ, ಆಯುಧಪೂಜೆಗೆ ಕ್ಯಾಪ್ಟನ್ ಸಾಹೇಬರನ್ನು ಕರಕೊಂಡು ಬರ್ತೆ. ಮಾಜಿ ಸೈನಿಕರ ಕ್ಯಾಂಟೀನು ಅವರ ಕೈಲೇ ಇರೋದು. ಅಲ್ಲಿವರೆಗೆ ಬೀರಣ್ಣ ಈ ಕತ್ತಿ ಕಾಯಲಿ. ಸರಿಯಾಗಿ ಕಾದರೆ ಕ್ಯಾಂಟೀನಿನ ಗೇಟು ಕಾಯೋ ಕೆಲಸ ಅವನಿಗೇ!"

ಹೊನ್ನಮ್ಮ ದೇವರಿಗೆ ಕೈ ಮುಗಿದಳು.

ಡಬ್ಬ ಬಂತು. ಬಿಚ್ಚಿದರೆ ಕಣ್ಣು ಕುಕ್ಕುವ ಹೊಳಪು! ಹಿಡಿಯ ತುದಿಗೆ ಹಿತ್ತಾಳೆಯ ಸಿಂಹದ ತಲೆ, ಅದಕ್ಕೆ ನೀಲಿ ಗೊಂಡೆ, ಅಲಗಿನ ಮೇಲೆ ಲಂಗರಿನ ಚಿತ್ರ. ಹೊನ್ನಮ್ಮ ಒಂದು ಸೌತೆಕಾಯಿ ಇಟ್ಟು ಕೊಯ್ದು ನೋಡಿದಳು. ಸೌತೆಕಾಯಿ ಉರುಳಿ ಮೂಲೆ ಸೇರಿತು.

"ಥೂ, ಇದರ ಮುಖಕ್ಕಿಷ್ಟು! ಇದಕ್ಕಿಂತ ನನ್ನ ಈಳಿಗೆಮಣೆ ವಾಸಿ! ಇರಲಿ. ಬೀರಣ್ಣಾ, ಉಪ್ಪುಗಾಳಿಗೆ ತುಕ್ಕು ಹಿಡಿದೀತು. ಎಣ್ಣೆ ಹಚ್ಚಿಡು" ಅಂದವಳೇ ಮೀನುಪೇಟೆಗೆ ಹೋದಳು.

ಬಂದು ನೋಡಿದರೆ ಬಚ್ಚಲ ತುಂಬ ಹೊಗೆ. ಹಂಡೆಯಲ್ಲಿ ನೀರು ಕುದಿಯುತ್ತಿದೆ. ಕತ್ತಿ ಬಚ್ಚಲ ಕಲ್ಲಿನ ಮೇಲೆ ಮಲಗಿದೆ. ಬೀರಣ್ಣ ತಂಬಿಗೆ ತಂಬಿಗೆ ಬಿಸಿನೀರು ಹೊಯ್ಯುತ್ತಿದ್ದಾನೆ!

"ಎಂತ ಮಾಡ್ತಿದ್ದೀಯೋ, ಹಾಳಾದವನೇ!"

"ನೀನೇ ಅಂದೆಯಲ್ಲವ್ವಾ, ಎಣ್ಣೆ ಹಚ್ಚು ಅಂತ. ಹಚ್ಚಿದ ಮೇಲೆ ಮೀಯಿಸೋದು ಬೇಡವಾ? ಸೀಗೆಪುಡಿ ಕಣ್ಣಿಗೆ ಹೋದೀತು ಅಂತ ಸಿಂಹಕ್ಕೆ ಬಟ್ಟೆ ಕಟ್ಟಿದ್ದೇನೆ, ನೋಡು."

"ಅಯ್ಯೋ ಪೆದ್ದೇ! ಕಬ್ಬಿಣಕ್ಕೆ ನೀರು ಹಾಕ್ತಾರೇನೋ? ಒದ್ದೆಯಾದದ್ದನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಬೇಕು!"

"ಹೌದವ್ವಾ. ಬಿಸಿಲಿಗೆ ಒಣಗಿಸ್ತೆ."

ಮರುದಿನ ಬೀದಿಯಲ್ಲಿ ಜಾತ್ರೆಯಷ್ಟು ಜನ. ಹೊನ್ನಮ್ಮ ಹೊರಗೆ ಬಂದು ನೋಡಿದರೆ, ಚಾಪೆಯ ಮೇಲೆ ಸಾಲಾಗಿ ಒಣಸೀಗಡಿ, ಸೀಗಡಿಯ ನಡುವೆ ಕತ್ತಿ. ಕತ್ತಿಗೂ ಉಪ್ಪು ಸವರಿದೆ. ಕಾಗೆ ಓಡಿಸಲು ಕೋಲು ಹಿಡಿದು ಬೀರಣ್ಣ ಕೂತಿದ್ದಾನೆ!

"ಯಾವ ಸಮುದ್ರದ ಮೀನೋ ಬೀರಣ್ಣ ಇದು? ಸಾರಿಗೋ, ಹುರಿಯೋಕೋ?" ಅಂತ ಒಬ್ಬ. ಇನ್ನೊಬ್ಬಳು ಅದೇ ಕತ್ತಿಯಿಂದ ಆಗಲೇ ಪಪ್ಪಾಯಿ ಇಳಿಸಿಕೊಂಡು ಹೋಗಿ ವಾಪಸು ತಂದಿಟ್ಟಿದ್ದಳಂತೆ.

"ಉಪ್ಪು ಯಾರು ಹಾಕೆಂದರೋ!"

"ಒಣಗಿಸುವಾಗ ಉಪ್ಪು ಹಾಕದಿದ್ದರೆ ಹುಳ ಬೀಳ್ತದೆ ಅಂತ ವರ್ಷಾ ವರ್ಷಾ ಬೈತೀಯಲ್ಲವ್ವಾ?"

ಹೊನ್ನಮ್ಮ ಕೋಲು ಕಿತ್ತುಕೊಂಡು ಎರಡು ಬಿಟ್ಟಳು. "ಇಂಥಾದ್ದನ್ನ ಬೀದಿಗೆ ಹಾಕ್ತಾರೇನೋ? ಬಚ್ಚಿಡಬೇಕು! ಯಾರು ಬಂದು ಕೇಳಿದರೂ ಕೊಡಬಾರದು! ಎಷ್ಟು ದೊಡ್ಡವರಾದರೂ ಸರಿ!"

"ಹೌದವ್ವಾ. ಯಾರು ಕೇಳಿದರೂ ಕೊಡೋದಿಲ್ಲ."

ಮೂರನೇ ದಿನ ಯಾರು ಬರಬೇಕು? ಬೊಮ್ಮಣ್ಣನೇ. ತಡೆಯಲಾರದೆ ಕತ್ತಿ ನೋಡಲು ಬಂದ. ಹೊನ್ನಮ್ಮ ಮನೆಯಲ್ಲಿರಲಿಲ್ಲ.

"ಎಲ್ಲಿ ಅಳಿಯಾ, ಕತ್ತಿ ಕೊಡು."

"ಕೊಡೋದಿಲ್ಲ ಮಾವ."

"ಅದು ನನ್ನದು ಮಾರಾಯ!"

"ಯಾರದ್ದಾದರೂ ಕೊಡೋದಿಲ್ಲ."

ಬೊಮ್ಮಣ್ಣ ಗೋಗರೆದ, ಗದರಿದ, ಕಪಾಟು ಹುಡುಕಿದ. ಬೀರಣ್ಣ ಅವನನ್ನು ರಟ್ಟೆ ಹಿಡಿದು ಅಂಗಳದಾಚೆ ಬಿಟ್ಟು ಬಾಗಿಲು ಹಾಕಿದ. ದಾರಿಯಲ್ಲಿ ಸಿಕ್ಕ ಅಕ್ಕನ ಮೇಲೆ ಬೊಮ್ಮಣ್ಣ ಕಿಡಿ ಕಾರಿದ: "ನಾಳೆ ಸಾಹೇಬರ ಎದುರು ಹೀಗೇ ಆಯ್ತೋ, ಕೆಲಸದ ಮಾತೆತ್ತಬೇಡ! ನಿನ್ನ ಮಗನಿಗೆ ನೀನೇ ಸಾಯೋತನಕ ಅನ್ನ ಹಾಕು!"

ಆ ಮಾತು ಹೊನ್ನಮ್ಮನ ಎದೆಗೆ ನಾಟಿತು. ಮನೆಗೆ ಬಂದವಳೇ ಕಿರುಚಿದಳು: "ನಾನು ಸತ್ತ ಮೇಲೆ ಯಾರೋ ನಿನಗೆ ಗಂಜಿ ಕೊಡೋದು? ಹಾಂ? ನಾಳೆ ಬೆಳಗ್ಗೆ ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಎರಡೂ ಕೈಯಲ್ಲಿ ಎತ್ತಿಕೊಡಬೇಕು! ಕಾಲಿಗೆ ಬೀಳಬೇಕು! ತಿಳೀತಾ?"

"ತಿಳೀತವ್ವಾ. ಎರಡೂ ಕೈಯಲ್ಲಿ. ಕಾಲಿಗೆ."

ಆಯುಧಪೂಜೆಯ ಬೆಳಗ್ಗೆ ಹೊನ್ನಮ್ಮ ಹೂ ತರಲು ಹೋಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರು ನಿಂತಿತ್ತು. ಚೆಂಡುಹೂವಿನ ಮಾಲೆ, ಚಕ್ರಕ್ಕೆ ನಿಂಬೆಹಣ್ಣು, ಎಲ್ಲ ಆಗಿತ್ತು. ಕ್ಯಾಪ್ಟನ್ ಸಾಹೇಬರದ್ದು. ಸಾಹೇಬರೂ ಬೊಮ್ಮಣ್ಣನೂ ಒಳಗೆ ಪೂಜೆಯ ಮಣೆಯನ್ನೇ ನೋಡುತ್ತ ನಿಂತಿದ್ದರು. ಮಣೆಯ ಮೇಲೆ ಈಳಿಗೆಮಣೆ, ಗುದ್ದಲಿ, ಕೊಡಲಿ. ಕತ್ತಿಯ ಜಾಗದಲ್ಲಿ ಕುಂಕುಮ ಹಚ್ಚಿದ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟು!

"ಕತ್ತಿ ಎಲ್ಲೋ, ಬೀರಣ್ಣಾ?" ಅಂದಳು ಹೊನ್ನಮ್ಮ.

"ಗುಜರಿಯವನು ಬಾಗಿಲಿಗೆ ಬಂದು ಹಳೇ ಕಬ್ಬಿಣ ಕೊಡ್ರಿ ಅಂದ. ಎರಡೂ ಕೈಯಲ್ಲಿ ಎತ್ತಿಕೊಟ್ಟು ಕಾಲಿಗೆ ಬಿದ್ದೆ. ಪಾಪ, ಒಳ್ಳೆಯವ, ಬಕೆಟ್ಟು ಕೊಟ್ಟ."

ಬೊಮ್ಮಣ್ಣ ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಕೂಗು: "ಹಳೇ ಕಬ್ಬಿಣಾ..."

"ಓಡೋ!" ಹೊನ್ನಮ್ಮ ಮಗನ ಬೆನ್ನಿಗೆ ಗುದ್ದಿದಳು. "ಏನು ಕೇಳಿದರೂ ಕೊಟ್ಟು ಕತ್ತಿ ತಗೊಂಡು ಬಾ!"

ಬೀರಣ್ಣ ಓಡಿದ. ಸ್ವಲ್ಪ ಹೊತ್ತಿಗೆ ಕತ್ತಿ ಹಿಡಿದು ಬಂದೂಬಿಟ್ಟ! ಎರಡೂ ಕೈಯಲ್ಲಿ ಮಾವನಿಗೆ ಕೊಟ್ಟ, ಕಾಲಿಗೆ ಬಿದ್ದ. ಬೊಮ್ಮಣ್ಣ ಎದೆ ಉಬ್ಬಿಸಿ ಅದನ್ನು ಸಾಹೇಬರ ಕೈಗಿತ್ತ. ಸಾಹೇಬರು ತಿರುಗಿಸಿ ನೋಡಿ, ಮೂಸಿ, "ಸೀಗಡಿ ವಾಸನೆ ಬರ್ತದಲ್ಲ?" ಅಂದರು. ಆಮೇಲೆ ನಕ್ಕರು. "ಹೇಳಿದ ಕೂಡಲೇ ಓಡ್ತಾನೆ, ಹೇಳಿದ್ದನ್ನು ತರ್ತಾನೆ. ನಾಳೆಯಿಂದ ಕೆಲಸಕ್ಕೆ ಬಾರಪ್ಪ!"

ಹೊನ್ನಮ್ಮನ ಕಣ್ಣಲ್ಲಿ ನೀರು. ಇಪ್ಪತ್ತಾರು ವರ್ಷದ ಸಿಟ್ಟು ಮೂಗಿನಿಂದ ಇಳಿಯಿತು. ಪಾಯಸ ಬಡಿಸಿದಳು, ಸಾಹೇಬರನ್ನು ಕಳಿಸಲು ಅಂಗಳದವರೆಗೆ ಬಂದಳು.

ಅಂಗಳದಲ್ಲಿ ಒಂದು ನಿಂಬೆಹಣ್ಣು ಬಿದ್ದಿತ್ತು. ಸ್ಕೂಟರು ಇರಲಿಲ್ಲ.

"ಬೀರಣ್ಣಾ..." ಹೊನ್ನಮ್ಮನ ಸ್ವರ ಸಣ್ಣಗಾಯಿತು. "ಗುಜರಿಯವನು ಏನು ಕೇಳಿದನೋ?"

"ಅದನ್ನೇ ಕೇಳಿದ, ಕೊಟ್ಟೆ" ಅಂದ ಬೀರಣ್ಣ, ತಲೆ ತಗ್ಗಿಸಿ. "ತಪ್ಪಾಯ್ತವ್ವಾ. ಭಾರ ಇತ್ತು, ಎರಡೂ ಕೈಯಲ್ಲಿ ಎತ್ತಿಕೊಡಲು ಆಗಲಿಲ್ಲ. ಕಾಲಿಗೆ ಮಾತ್ರ ಬಿದ್ದೆ."