ಏಡಿಯ ಬಿಲ ಮುಚ್ಚಿದ ಮೇಲೆ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಗುರುವನ್ನು ಕೇಳಿದ: "ಗಾಯವಾದ ಕಡೆ ಉರಿಯೂತ ಎದ್ದರೆ ಹೆದರಬೇಡ, ಮೈ ತನ್ನನ್ನು ತಾನು ಕಾಯುತ್ತಿದೆ ಎಂದಿರಿ. ಎದೆಯ ನಾಳ ಕಟ್ಟಿಕೊಂಡವನನ್ನೂ ಕೀಲು ಹಿಡಿದವಳನ್ನೂ ತೋರಿಸಿ, ಇದೂ ಉರಿಯೂತದ ಕೆಲಸ ಎಂದಿರಿ. ಕಾಯುವುದೇ ಕೊಲ್ಲುವುದಾದರೆ ನಾನು ರೋಗಿಗೆ ಏನು ಹೇಳಲಿ?"

ಗುರು ಹೇಳಿದರು:

ಕೆರೆಯ ಕೆಳಗೆ ಒಬ್ಬ ರೈತನಿದ್ದ. ಅವನ ಗದ್ದೆಗೆ ನೀರು ಬರುತ್ತಿದ್ದುದು ಒಂದು ಮಣ್ಣಿನ ಕಾಲುವೆಯಿಂದ. ನಾಟಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಏಡಿ ಕೊರೆದ ಬಿಲದಿಂದ ದಂಡೆ ಒಡೆದು ನೀರೆಲ್ಲ ಬೀಳುಭೂಮಿಗೆ ಹರಿಯಿತು. ರೈತ ಓಡಿ ಬಂದ. ಕಾಲುವೆಗೆ ಇಳಿದು ಒಳಗಿನಿಂದ ಜೇಡಿಮಣ್ಣು ಮೆತ್ತಿ ತುಳಿದ. ಒಡಕು ಮುಚ್ಚಿತು, ಪೈರು ಉಳಿಯಿತು.

ಅವನಿಗೆ ಮಾತ್ರ ನಂಬಿಕೆ ಬರಲಿಲ್ಲ. ಮರುದಿನ ದಂಡೆಯ ಹೊರಮೈ ತೇವವಾಗಿ ಕಂಡಿತು. ಮಣ್ಣಿನ ದಂಡೆ ಎಂದಮೇಲೆ ತೇವ ಇದ್ದದ್ದೇ. ಒಳಗೆ ಇನ್ನೊಂದು ಏಡಿ ಕೂತಿದೆ ಎಂದುಕೊಂಡು ಅಲ್ಲಿಗೂ ಕಾಲುವೆಯ ಒಳಗಿನಿಂದ ಮೆತ್ತಿದ. ಗುಳ್ಳೆ ಎದ್ದ ಕಡೆ ಮೆತ್ತಿದ, ಕಪ್ಪೆ ಹಾರಿದ ಕಡೆ ಮೆತ್ತಿದ. ಏನೂ ಕಾಣದ ಕಡೆ, ಏನೋ ಅಡಗಿರಲೇಬೇಕು ಎಂದು ಇನ್ನೊಂದು ಹಿಡಿ ಹೆಚ್ಚಾಗಿಯೇ ಮೆತ್ತಿದ.

ತೆನೆ ಒಡೆಯುವ ಹೊತ್ತಿಗೆ ಗದ್ದೆಗೆ ನೀರು ಸಾಲದಾಯಿತು. ಅನುಮಾನ ಮೇಲಿನ ಗದ್ದೆಯವನ ಕಡೆ ತಿರುಗಿತು.

"ನನ್ನ ನೀರನ್ನು ಎಲ್ಲಿಗೆ ತಿರುಗಿಸಿದೆಯೋ?"

"ನಿನ್ನ ನೀರು ಕುಡಿದು ನನ್ನ ಹೊಟ್ಟೆ ಊದಬೇಕೇನೋ? ತೂಬಿನಿಂದ ಬಿಟ್ಟದ್ದೆಲ್ಲ ನಿನ್ನ ಕಾಲುವೆಯ ಬಾಯಿಗೇ ಬರುತ್ತಿದೆ. ಅಲ್ಲಿಂದ ಮುಂದೆ ಹೋಗದೆ ನನ್ನ ಗದ್ದೆಗೆ ನುಗ್ಗುತ್ತಿದೆ. ಬಂದು ನೋಡು ಮಾರಾಯ."

ತಾನಾಗಿಯೇ ಕರೆಯುತ್ತಾನೆ ಎಂದರೆ ಇದರಲ್ಲಿ ಏನೋ ಇದೆ ಎಂದುಕೊಂಡು ರೈತ ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಎಂದಳು: "ಊರವರನ್ನೆಲ್ಲ ಬೈದದ್ದು ಸಾಕು. ಕಾಲುವೆಯಲ್ಲಿ ನಿಮ್ಮದೊಂದು ಕಾಲಿಟ್ಟು ನೋಡಿ."

ಅವನು ಹೋಗಿ ಕಾಲಿಟ್ಟ. ಪಾದ ಹಿಡಿಸಲಿಲ್ಲ. ಬಹಳ ಹೊತ್ತು ಬಗ್ಗಿ ನೋಡಿದ. ಕೊನೆಗೆ, "ನಾನಿಲ್ಲದ ಹೊತ್ತು ನೋಡಿ ಯಾರೋ ಇಲ್ಲಿ ಮಣ್ಣು ತುಂಬಿದ್ದಾರೆ" ಎಂದ.

ಆ ಸಲ ಅವನು ಕೊಯ್ದದ್ದು ಬರೀ ಜೊಳ್ಳು.

ಶಿಷ್ಯ ಕೇಳಿದ: "ಹಾಗಾದರೆ ಮೊದಲ ದಿನವೇ ಅವನು ಮಣ್ಣು ಮುಟ್ಟಬಾರದಿತ್ತೇ?"

ಗುರು ಹೇಳಿದರು: "ಮುಟ್ಟದಿದ್ದರೆ ಅಂದೇ ಪೈರು ಹೋಗುತ್ತಿತ್ತು. ಅವನಿಗೆ ಬಾರದೆ ಇದ್ದ ಕೆಲಸ ಒಂದೇ, ಒಡಕು ಮುಚ್ಚಿದ ಮೇಲೆ ಕೈಕಾಲು ತೊಳೆದುಕೊಂಡು ಮನೆಗೆ ಹೋಗುವುದು."